ಸಂಶೋಧನೆಯ ತಾಂತ್ರಿಕ ಸಿಬ್ಬಂದಿ: ಸಂಬಳ ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ

ಅಡಿಕೆಯ ಎಲೆಚುಕ್ಕೆ ರೋಗ ಯಾವ ಹೋಬಳಿಯಲ್ಲಿ ಎಷ್ಟು ಹಬ್ಬಿದೆ ಎಂದು ತೋರಿಸುವ ನಕ್ಷೆ ಹೊರಬಂದರೆ ಅದರ ಮೇಲೆ ಪ್ರಾಧ್ಯಾಪಕರ ಹೆಸರಿರುತ್ತದೆ. ಉಪಗ್ರಹ ಚಿತ್ರಗಳನ್ನು ಇಳಿಸಿಕೊಂಡು, ಮೋಡ ಮುಚ್ಚಿದ ದಿನಗಳನ್ನು ಬೇರ್ಪಡಿಸಿ, ತೋಟದಲ್ಲಿ ಹಿಡಿದ ಜಿಪಿಎಸ್ ಬಿಂದುಗಳನ್ನು ಸರ್ವೆ ನಂಬರಿಗೆ ಕೂಡಿಸಿದವರು ಇನ್ನೊಬ್ಬರು. ಮಂಗನ ಕಾಯಿಲೆಯ ಕೆಲಸವೂ ಹಾಗೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ರೋಗದ ಬೆನ್ನು ಹತ್ತಿದವರಿಗೆ ವೈರಾಣು ತಜ್ಞರು ಬೇಕು, ನಿಜ. ಕಾಡಿನಿಂದ ತಂದ ಉಣುಗುಗಳ ಮಾದರಿ ಇಟ್ಟ ಮೈನಸ್ 80 ಡಿಗ್ರಿ ಫ್ರೀಜರ್ ಜುಲೈ ತಿಂಗಳ ನಡುರಾತ್ರಿ ಕರೆಂಟ್ ಹೋದಾಗ ಏನಾಯಿತು ಎಂದು ಓಡಿ ಬಂದು ನೋಡುವವರೂ ಬೇಕು.

ಇಂಥವರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಬ್ರಿಟನ್ನಿನಲ್ಲಿ 2012ರಿಂದ ಒಂದು ಹೆಸರಿದೆ: ರಿಸರ್ಚ್ ಸಾಫ್ಟ್‌ವೇರ್ ಎಂಜಿನಿಯರ್. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಈಗ ಅದೊಂದು ಹುದ್ದೆ. ನಮ್ಮಲ್ಲಿ ಅವರು 'ಪ್ರಾಜೆಕ್ಟ್ ಹುಡುಗ', 'ಲ್ಯಾಬ್ ಹುಡುಗಿ', ತೀರಾ ಗೌರವ ಕೊಟ್ಟರೆ 'ನಮ್ಮ ಟೆಕ್ನಿಕಲ್ ಅಸಿಸ್ಟೆಂಟ್'. ಹೆಸರು ಸಡಿಲವಾಗಿರುವುದಕ್ಕೆ ಕಾರಣ ಸಂಬಳದ ದಾರಿಯೇ ಸಡಿಲವಾಗಿರುವುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವಿರಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿರಲಿ, ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜುಗಳಿರಲಿ, ಲೆಕ್ಕಪತ್ರ ವಿಭಾಗದಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: 'ಯಾವ ಹೆಡ್?' ಅಂದರೆ, ಹಣ ಬರುವುದು ಲೆಕ್ಕದ ಯಾವ ಬಾಬ್ತಿನಿಂದ? ಒಂದೇ ಕೋಣೆಯಲ್ಲಿ, ಒಂದೇ ಯಂತ್ರದ ಮುಂದೆ ಕೂತ ಇಬ್ಬರ ಸಂಬಳ ಎರಡು ಪಟ್ಟು ಬೇರೆಯಾಗಲು ಆ ಹೆಡ್ಡೇ ಸಾಕು.

ಮಂಜೂರಾದ ಕಾಯಂ ಹುದ್ದೆಯಿಂದ ಶುರು ಮಾಡೋಣ, ಯಾಕೆಂದರೆ ಅದು ಅಪರೂಪ, ಬೇಗ ಮುಗಿಯುತ್ತದೆ. ಕೇಂದ್ರದ 7ನೇ ವೇತನ ಆಯೋಗದ 6ನೇ ಮಟ್ಟದ ತಾಂತ್ರಿಕ ಹುದ್ದೆ ಎಂದರೆ ಮೂಲ ವೇತನ 35,400. ಅದರ ಮೇಲೆ ತುಟ್ಟಿಭತ್ಯೆ (2025ರ ಜುಲೈಯಿಂದ ಶೇ 58), ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಂದು ಇಂಕ್ರಿಮೆಂಟ್. ಏನೂ ಬಡ್ತಿಯಿಲ್ಲದೆ ಹತ್ತು ಇಂಕ್ರಿಮೆಂಟ್ ಕಳೆದರೂ ಮೂಲ ವೇತನವೊಂದೇ 47,600ಕ್ಕೆ ಬರುತ್ತದೆ. ರಾಜ್ಯದ ಶ್ರೇಣಿ ಬೇರೆ. 7ನೇ ರಾಜ್ಯ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 27,000. ಕೃಷಿ ವಿಜ್ಞಾನ ಕೇಂದ್ರಗಳ 16 ಹುದ್ದೆಗಳ ಚೌಕಟ್ಟಿನಲ್ಲಿ ಕಂಪ್ಯೂಟರ್ ಕೆಲಸಕ್ಕೆಂದೇ ಒಂದು ಕಾರ್ಯಕ್ರಮ ಸಹಾಯಕ ಹುದ್ದೆ ಇರುವುದು ಈ ವಿಷಯದಲ್ಲಿ ಒಂದು ಒಳ್ಳೆಯ ಮಾದರಿ. ಆದರೆ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಬಹುಪಾಲು ಜನ ಈ ಬಾಗಿಲಿನಿಂದ ಬಂದವರಲ್ಲ.

ಅವರು ಬಂದದ್ದು ಪ್ರಾಜೆಕ್ಟಿನ 'ಮ್ಯಾನ್‌ಪವರ್' ಹೆಡ್ಡಿನಿಂದ. ಪ್ರಾಧ್ಯಾಪಕರು ಪಿಐ, ಅಂದರೆ ಪ್ರಧಾನ ಸಂಶೋಧಕರಾಗಿ ದೆಹಲಿಯ ಸಂಸ್ಥೆಗೆ ಪ್ರಸ್ತಾವ ಕಳಿಸುತ್ತಾರೆ. ಮಂಜೂರಾದ ಹಣ ಉಪಕರಣ, ಮ್ಯಾನ್‌ಪವರ್, ಬಳಕೆ ಸಾಮಗ್ರಿ, ಪ್ರಯಾಣ, ಇತರೆ, ವಿಶ್ವವಿದ್ಯಾಲಯದ ಓವರ್‌ಹೆಡ್ ಎಂದು ಹಂಚಿಕೊಂಡೇ ಬರುತ್ತದೆ. ದರ ಗೊತ್ತುಮಾಡಲು ಹೆಚ್ಚಿನವರು ನೋಡುವುದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆದೇಶ. 2020ರ ಜುಲೈ ಆದೇಶದ ಪ್ರಕಾರ ಬಿಎಸ್ಸಿ ಅಥವಾ ಮೂರು ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದ ಪ್ರಾಜೆಕ್ಟ್ ಅಸಿಸ್ಟೆಂಟಿಗೆ 20,000. ಎಂಎಸ್ಸಿ ಅಥವಾ ಬಿಇ ಮಾಡಿದ ಪ್ರಾಜೆಕ್ಟ್ ಅಸೋಸಿಯೇಟ್-1ಕ್ಕೆ 25,000. ಅದೇ ವ್ಯಕ್ತಿ ನೆಟ್ ಅಥವಾ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿದ್ದರೆ 31,000. ಎರಡು ವರ್ಷ ಅನುಭವವಾದ ಮೇಲೆ ಅಸೋಸಿಯೇಟ್-2, ಕ್ರಮವಾಗಿ 28,000 ಮತ್ತು 35,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ತುಟ್ಟಿಭತ್ಯೆ ಇಲ್ಲ. ವೈದ್ಯಕೀಯ ಸಂಶೋಧನೆಯ ಐಸಿಎಂಆರ್, ಕೃಷಿ ಸಂಶೋಧನೆಯ ಐಸಿಎಆರ್‌ನಂಥವರಿಗೆ ತಮ್ಮ ದರಪಟ್ಟಿಗಳಿವೆ, ಎಲ್ಲವೂ ಆಗಾಗ ಪರಿಷ್ಕರಣೆಯಾಗುತ್ತವೆ. ಮೊತ್ತ ಬದಲಾದರೂ ಲೆಕ್ಕದ ದಾರಿ ಇದೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪಿಐ ಪ್ರಸ್ತಾವ ಬರೆಯುವಾಗ ಕಡಿಮೆ ದರ ಹಾಕಿರುತ್ತಾರೆ: 25,000ಕ್ಕೆ ಶೇ 10 ಮನೆ ಬಾಡಿಗೆ ಸೇರಿ 27,500, ಮೂರು ವರ್ಷಕ್ಕೆ 9,90,000. ಸಂದರ್ಶನಕ್ಕೆ ಬಂದ ಒಳ್ಳೆಯ ಅಭ್ಯರ್ಥಿ ಗೇಟ್ ಪಾಸಾದವರು. ಅವರಿಗೆ ಸಲ್ಲಬೇಕಾದದ್ದು ತಿಂಗಳಿಗೆ 34,100. ಇರುವ ಹಣವನ್ನು ಅದರಿಂದ ಭಾಗಿಸಿದರೆ 36 ತಿಂಗಳ ಕೆಲಸಕ್ಕೆ 29 ತಿಂಗಳ ಸಂಬಳ ಸಿಗುತ್ತದೆ. ಬೇರೆ ಹೆಡ್ಡಿನಿಂದ ಮ್ಯಾನ್‌ಪವರಿಗೆ ಹಣ ತಿರುಗಿಸಲು ಅನುದಾನ ಕೊಟ್ಟವರ ಒಪ್ಪಿಗೆ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ. ಕೊನೆಗೆ ಅಭ್ಯರ್ಥಿಯೇ 'ಆಯ್ತು ಸಾರ್, ಇಪ್ಪತ್ತೈದಕ್ಕೇ ಬರ್ತೀನಿ' ಎನ್ನುತ್ತಾರೆ, ತಿಂಗಳಿಗೆ 6,600 ಬಿಟ್ಟುಕೊಟ್ಟು. ಮೂರು ವರ್ಷಕ್ಕೆ ಅದು 2,37,600. ಪ್ರಸ್ತಾವದಲ್ಲಿ ಮೊದಲೇ ಹೆಚ್ಚಿನ ದರ ಹಾಕಿದ್ದರೆ ಈ ಪೇಚಾಟವೇ ಇರುತ್ತಿರಲಿಲ್ಲ. ಕಡಿಮೆ ದರದವರು ಸಿಕ್ಕರೆ ಉಳಿದದ್ದು ಹಿಂದಕ್ಕೆ ಹೋಗುತ್ತದೆ, ಅಷ್ಟೇ.

ಇದರ ಅಣ್ಣತಮ್ಮನಂಥ ಇನ್ನೊಂದು ತೊಡಕು ದರ ಪರಿಷ್ಕರಣೆಯದು. ಜೆಆರ್‌ಎಫ್ ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿ 1ರಿಂದ 31,000ದಿಂದ 37,000ಕ್ಕೆ, ಎಸ್‌ಆರ್‌ಎಫ್ ಎಂಬ ಹಿರಿಯ ಫೆಲೋಶಿಪ್ 35,000ದಿಂದ 42,000ಕ್ಕೆ ಏರಿತು. ಪತ್ರಿಕೆಯಲ್ಲಿ ಸುದ್ದಿ ಬಂದ ಮಾತ್ರಕ್ಕೆ ನಡೆಯುತ್ತಿರುವ ಪ್ರಾಜೆಕ್ಟಿಗೆ ಹಣ ಬರುವುದಿಲ್ಲ. ಮಂಜೂರಾತಿ ಪತ್ರದಲ್ಲಿ ಹಳೆಯ ಮೊತ್ತವೇ ಇರುತ್ತದೆ. ಪಿಐ ಹೆಚ್ಚುವರಿ ಹಣ ಕೋರಿ ಪತ್ರ ಬರೆದು, ಅದು ಮಂಜೂರಾಗಿ ಬಂದ ಮೇಲೆಯೇ ಬಾಕಿ ಕೈಗೆ. ಪತ್ರ ಬರೆಯದ ಪಿಐಗಳೂ ಇದ್ದಾರೆ.

ಫೆಲೋಶಿಪ್ ಮತ್ತು ಪ್ರಾಜೆಕ್ಟ್ ಸಂಬಳ ಎರಡೂ ಒಂದೇ ಎಂದುಕೊಳ್ಳುವವರು ಬಹಳ. ಫೆಲೋಶಿಪ್ ಓದುವುದಕ್ಕೆ ಕೊಟ್ಟ ಹಣ, ಸಾಮಾನ್ಯವಾಗಿ ಪಿಎಚ್‌ಡಿ ಜತೆ ಬರುತ್ತದೆ, ಆದಾಯ ತೆರಿಗೆಯಿಂದ ವಿನಾಯಿತಿ ಕೇಳಬಹುದಾದದ್ದು. ಪ್ರಾಜೆಕ್ಟ್ ಅಸೋಸಿಯೇಟ್ ಪಡೆಯುವುದು ಕೆಲಸಕ್ಕೆ ಸಂಬಳ. ಹೊಸ ಪದ್ಧತಿಯಲ್ಲಿ 2025-26ರಿಂದ 12 ಲಕ್ಷದವರೆಗೆ ತೆರಿಗೆಯೇ ಇಲ್ಲದ ಕಾರಣ ಈ ಮೊತ್ತಗಳಿಗೆ ತೆರಿಗೆಯ ಭಯ ಬೇಡ. ವ್ಯತ್ಯಾಸ ಗೊತ್ತಾಗುವುದು ಬ್ಯಾಂಕಿಗೆ ಸಾಲ ಕೇಳಲು ಹೋದಾಗ, ಸಂಬಳದ ತೆರಿಗೆ ಪ್ರಮಾಣಪತ್ರ (ಫಾರ್ಮ್ 16) ಇದೆಯೇ ಎಂಬ ಪ್ರಶ್ನೆ ಬಂದಾಗ.

ಇನ್ನು ಮನೆ ಬಾಡಿಗೆ ಭತ್ಯೆ. ಕೇಂದ್ರದ ಲೆಕ್ಕದಲ್ಲಿ ಊರುಗಳಿಗೆ ಎಕ್ಸ್, ವೈ, ಝಡ್ ಎಂಬ ಮೂರು ದರ್ಜೆ. ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ, 2024ರ ಜನವರಿಯಿಂದ, ದರ ಶೇ 30, 20, 10. ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. ಶಿವಮೊಗ್ಗ ಝಡ್, ಶಂಕರಘಟ್ಟ, ಆನಂದಪುರದ ಬಗ್ಗೆ ಹೇಳುವುದೇ ಬೇಡ. ಅದೇ 31,000ದ ಹುದ್ದೆ ಬೆಂಗಳೂರಿನಲ್ಲಿ 40,300, ಇಲ್ಲಿ 34,100. ಬಾಡಿಗೆ ಇಲ್ಲಿ ಕಡಿಮೆ ಎಂಬುದು ನಿಜ. ಆದರೆ ಶಂಕರಘಟ್ಟದ ಕ್ಯಾಂಪಸ್ ಶಿವಮೊಗ್ಗ ಪೇಟೆಯಿಂದ ಸುಮಾರು 28 ಕಿಲೋಮೀಟರ್. ದಿನಾ ಹೋಗಿ ಬರುವ ಬೈಕಿನ ಪೆಟ್ರೋಲಿಗೆ, ತಪ್ಪಿದ ಕೊನೆಯ ಬಸ್ಸಿಗೆ ಯಾವ ಭತ್ಯೆಯೂ ಇಲ್ಲ. ದರ್ಜೆ ನೋಡುವುದು ಜನಸಂಖ್ಯೆಯನ್ನೇ ಹೊರತು ದೂರವನ್ನಲ್ಲ. ನೇಮಕಾತಿ ಪತ್ರದಲ್ಲಿ ಬರೀ 'ಕನ್ಸಾಲಿಡೇಟೆಡ್' (ಎಲ್ಲ ಸೇರಿದ ಮೊತ್ತ) ಎಂದಿದ್ದರೆ ಬಾಡಿಗೆ ಭತ್ಯೆ ಅದರೊಳಗೇ ಮುಳುಗಿರುವ ಸಾಧ್ಯತೆ ಹೆಚ್ಚು. 'ಪ್ಲಸ್ ಎಚ್‌ಆರ್‌ಎ' ಎಂಬ ಎರಡು ಪದ ಇದೆಯೇ ನೋಡಬೇಕು.

ಅತಿ ಹೆಚ್ಚು ಸೋರುವುದು ಏಜೆನ್ಸಿ ಮೂಲಕ ಬರುವ ಸಂಬಳದಲ್ಲಿ. ಕೆಲವು ಸಂಸ್ಥೆಗಳು ಪ್ರಾಜೆಕ್ಟ್ ಸಿಬ್ಬಂದಿಯನ್ನು ನೇರವಾಗಿ ತೆಗೆದುಕೊಳ್ಳದೆ ಹೊರಗುತ್ತಿಗೆಗೆ ಕೊಡುತ್ತವೆ. ನಾಳೆ ಕಾಯಂ ಮಾಡಿ ಎಂದು ಕೋರ್ಟಿಗೆ ಹೋಗದಿರಲಿ ಎಂಬ ಎಚ್ಚರಿಕೆ ಅದು. ಬಜೆಟ್ಟಿನಲ್ಲಿ ತಿಂಗಳಿಗೆ 25,000 ಇದೆ ಎಂದಿಟ್ಟುಕೊಂಡು, ಏಜೆನ್ಸಿಯ ಸೇವಾ ಶುಲ್ಕ ಶೇ 5 ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಒಟ್ಟು ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ, ಅಲ್ಲಿಗೆ 3,814 ಹೋಯಿತು. ಸೇವಾ ಶುಲ್ಕ 1,009. ಉಳಿದ 20,177ರಲ್ಲಿ ಮಾಲೀಕರ ಪಾಲಿನ ಪಿಎಫ್, ಅದಕ್ಕೆ ಸೇರಿದ ವಿಮೆ ಮತ್ತು ಆಡಳಿತ ವೆಚ್ಚ, 15,000ದ ಮಿತಿಗೆ ಶೇ 13ರಂತೆ 1,950. ನೌಕರರ ಆರೋಗ್ಯ ವಿಮೆಯಾದ ಇಎಸ್‌ಐಗೆ ಮಾಲೀಕರ ಪಾಲು ಶೇ 3.25, ಅಂದರೆ 574. ಈಗ ಸಂಬಳ ಎಂದು ಉಳಿದದ್ದು ಸುಮಾರು 17,654. ಇದರಿಂದ ಕೆಲಸಗಾರರ ಪಾಲಿನ ಪಿಎಫ್ 1,800, ಇಎಸ್‌ಐ 133 ಕಳೆದರೆ ಕೈಗೆ 15,721. ಸಂದರ್ಶನದಲ್ಲಿ 'ಇಪ್ಪತ್ತೈದು ಸಾವಿರದ ಪೋಸ್ಟು' ಎಂದು ಕೇಳಿದವರು ಮೊದಲ ತಿಂಗಳ ಎಸ್‌ಎಂಎಸ್ ನೋಡಿ ಏಜೆನ್ಸಿಯವನು ನುಂಗಿದ ಎಂದುಕೊಳ್ಳುತ್ತಾರೆ. ಅವನು ತೆಗೆದುಕೊಂಡದ್ದು ಒಂದು ಸಾವಿರ. ದೊಡ್ಡ ತುತ್ತು ಜಿಎಸ್‌ಟಿಯದು, ಅದೂ ಸರ್ಕಾರದ ಅನುದಾನದಿಂದ ಸರ್ಕಾರಕ್ಕೇ ಮರಳುವ ಹಣ. ಪಿಎಫ್‌ನ ಎರಡೂ ಪಾಲು ನಿಮ್ಮದೇ, ವಿಮೆ ಮತ್ತು ಆಡಳಿತ ವೆಚ್ಚದ ಚೂರು ಬಿಟ್ಟು. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಪಡೆದು ಪ್ರತಿ ತಿಂಗಳು ಜಮೆ ಆಗಿದೆಯೇ ನೋಡುತ್ತಿರಬೇಕು. ಸಂಬಳದಲ್ಲಿ ಕಡಿತವಾಗಿ ಖಾತೆಗೆ ಜಮೆಯಾಗದಿದ್ದರೆ ಮೂರನೇ ತಿಂಗಳಿಗೇ ಬರವಣಿಗೆಯಲ್ಲಿ ಕೇಳಿ, ಏಜೆನ್ಸಿಯ ಟೆಂಡರ್ ಮುಗಿದು ಬೇರೆಯವರು ಬಂದ ಮೇಲೆ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ಇಎಸ್‌ಐ ಮಿತಿ ತಿಂಗಳಿಗೆ 21,000. ಏಜೆನ್ಸಿಯ 17,654ರವರಿಗೆ ಆಸ್ಪತ್ರೆಯ ರಕ್ಷಣೆ ಇದೆ. ನೇರ ನೇಮಕವಾದ 34,100ರವರಿಗೆ ಅದಿಲ್ಲ, ಪ್ರಾಜೆಕ್ಟ್ ಬಜೆಟ್ಟಿನಲ್ಲಿ ವಿಮೆಗೆಂದು ಹೆಡ್ ಇರುವುದೂ ಅಪರೂಪ. ಉಣುಗು ಹಿಡಿಯಲು ಕಾಡಿಗೆ ಹೋಗುವವರು, ಆಗುಂಬೆಯ ಮಳೆಯಲ್ಲಿ ಮಾಪಕ ಸರಿಮಾಡಲು ಮರ ಹತ್ತುವವರು ಸಾಮಾನ್ಯವಾಗಿ ಈ ಎರಡನೆಯ ಗುಂಪಿನವರೇ. ಪ್ರಸ್ತಾವ ಬರೆಯುವಾಗಲೇ ಇತರೆ ಖರ್ಚಿನ ಅಡಿ ಗುಂಪು ಅಪಘಾತ ವಿಮೆಯ ಕಂತನ್ನು ಹೆಸರು ಹೇಳಿ ಬರೆದರೆ ಅದಕ್ಕೆ ಆಡಿಟ್ಟಿನಲ್ಲಿ ನೆಲೆ ಸಿಗುತ್ತದೆ. ಬರೆಯದಿದ್ದರೆ ಆಮೇಲೆ ಸೇರಿಸಲು ಹೋಗಿ ಆಕ್ಷೇಪಣೆ ಎದುರಿಸಬೇಕಾಗುತ್ತದೆ.

ಸಾಫ್ಟ್‌ವೇರ್ ಬಲ್ಲವರನ್ನು 'ಕನ್ಸಲ್ಟೆಂಟ್' ಎಂದು ಕರೆದು ಬಿಲ್ ಮೇಲೆ ಹಣ ಕೊಡುವುದು ಇತ್ತೀಚಿನ ರೂಢಿ. ಇದರಲ್ಲಿ ಪಿಎಫ್ ಇಲ್ಲ, ರಜೆ ಇಲ್ಲ. ವರ್ಷಕ್ಕೆ 50,000 ದಾಟಿದರೆ ವೃತ್ತಿ ಶುಲ್ಕದ ಮೇಲೆ ಶೇ 10 ಟಿಡಿಎಸ್. ತಿಂಗಳಿಗೆ 30,000 ಬಿಲ್ ಮಾಡುವವರ 36,000 ಹೀಗೆ ವರ್ಷವಿಡೀ ಸಿಕ್ಕಿಹಾಕಿಕೊಂಡಿರುತ್ತದೆ, ರಿಟರ್ನ್ ಸಲ್ಲಿಸಿದರೆ ಮಾತ್ರ ವಾಪಸ್. ಸಲ್ಲಿಸದೆ ಕೈಬಿಟ್ಟವರು ಕಮ್ಮಿಯಿಲ್ಲ. ನೇರ ಸಂಬಳದವರಿಗೆ ಕಡಿತ ಎಂದರೆ ಹೆಚ್ಚಾಗಿ ವೃತ್ತಿ ತೆರಿಗೆ ಮಾತ್ರ: 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ತಿಂಗಳಿಗೆ 200, ಫೆಬ್ರುವರಿಯಲ್ಲಿ 300.

ಮೊತ್ತ ಎಷ್ಟಾದರೂ ಇರಲಿ, ಅದು ಯಾವಾಗ ಬರುತ್ತದೆ ಎಂಬುದು ಇನ್ನೊಂದೇ ಕತೆ. ಏಪ್ರಿಲ್‌ನಿಂದ ಜುಲೈ ಆಗಸ್ಟ್‌ವರೆಗೆ ಪ್ರಾಜೆಕ್ಟ್ ಸಂಬಳ ನಿಲ್ಲುವುದು ಎಷ್ಟು ಸಾಮಾನ್ಯ ಎಂದರೆ ಅನುಭವಿಗಳು ಮಾರ್ಚ್‌ನಲ್ಲೇ ದುಡ್ಡು ಎತ್ತಿಡುತ್ತಾರೆ. ಕಾರಣ ಯಾರದೋ ಕೆಟ್ಟತನವಲ್ಲ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ಕಂತು ಬೇಕಾದರೆ ಹಿಂದಿನ ವರ್ಷದ ಬಳಕೆ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ 'ಯುಸಿ', ಮತ್ತು ಖರ್ಚಿನ ವಿವರ ಹೋಗಬೇಕು. ಯುಸಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆ. ಪಿಐ ಸಹಿ, ಹಣಕಾಸು ಅಧಿಕಾರಿ ಸಹಿ, ಸಂಸ್ಥೆಯ ಮುಖ್ಯಸ್ಥರ ಸಹಿ. ಒಂದು ಸಹಿ ಎಂದರೆ ಒಂದು ಮೇಜು, ಒಂದು ಮೇಜು ಎಂದರೆ ಒಂದು ವಾರ.

ಯುಸಿ ತಿರುಗಿ ಬರುವುದು ಸಣ್ಣ ತಪ್ಪುಗಳಿಗೆ. ಖರ್ಚಿನ ವಿವರದ ಉಳಿಕೆಗೂ ಯುಸಿಯ ಉಳಿಕೆಗೂ ಕೆಲವು ರೂಪಾಯಿ ವ್ಯತ್ಯಾಸ. ಬ್ಯಾಂಕ್ ಬಡ್ಡಿ ಪ್ರತ್ಯೇಕವಾಗಿ ತೋರಿಸದೇ ಇರುವುದು, ಅಥವಾ ತೋರಿಸಿ ಕೇಂದ್ರಕ್ಕೆ ಮರಳಿಸದೇ ಇರುವುದು. ಎಲ್ಲಕ್ಕಿಂತ ಹೆಚ್ಚಾಗಿ ಮಾರ್ಚ್ ತಿಂಗಳ ಸಂಬಳ: ಅದನ್ನು ಏಪ್ರಿಲ್ 5ಕ್ಕೆ ಪಾವತಿಸಿದರೆ ಲೆಕ್ಕದಲ್ಲಿ ಮುಂದಿನ ವರ್ಷದ ಖರ್ಚು, ಆದರೆ ಪಿಐ ಅದನ್ನು ಹಿಂದಿನ ವರ್ಷಕ್ಕೆ ಬರೆದಿರುತ್ತಾರೆ. ಖಾತೆಯಲ್ಲಿ ಉಳಿಕೆ ಜಾಸ್ತಿ ಕಂಡರೆ 'ಮೊದಲು ಇದನ್ನು ಖರ್ಚು ಮಾಡಿ' ಎಂದು ಕಂತು ಹಿಡಿಯುತ್ತಾರೆ. ಆ ಉಳಿಕೆ ಉಪಕರಣದ ಹೆಡ್ಡಿನದಾಗಿದ್ದರೆ ಸಂಬಳಕ್ಕೆ ಮುಟ್ಟುವಂತೆಯೂ ಇಲ್ಲ.

ಇದಕ್ಕೆ ಮದ್ದು ಎರಡೇ. ಜನವರಿಯಲ್ಲೇ ಕರಡು ಯುಸಿ ಸಿದ್ಧಮಾಡಿ ಲೆಕ್ಕಪತ್ರ ವಿಭಾಗದೊಂದಿಗೆ ಉಳಿಕೆ ಹೊಂದಿಸಿಕೊಂಡು, ಏಪ್ರಿಲ್ ಮೊದಲ ವಾರ ಸಹಿಗೆ ಕೊಡುವುದು ಒಂದು. ಓವರ್‌ಹೆಡ್ ಹಣದಿಂದ, ಅದು ಪ್ರಾಜೆಕ್ಟಿನ ಶೇ 10ರ ಆಸುಪಾಸು ವಿಶ್ವವಿದ್ಯಾಲಯಕ್ಕೆ ಬಂದಿರುತ್ತದೆ, ಒಂದು ಆವರ್ತ ನಿಧಿ ಮಾಡಿ ಮೂರು ತಿಂಗಳ ಸಂಬಳ ಮುಂಗಡ ಕೊಟ್ಟು, ಕಂತು ಬಂದಾಗ ತುಂಬಿಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಹಣಕಾಸು ಸಮಿತಿಯ ಒಂದು ನಿರ್ಣಯ ಸಾಕು. ಮಾಡದಿರುವುದಕ್ಕೆ ಒಳ್ಳೆಯ ಕಾರಣ ಕಾಣುವುದಿಲ್ಲ.

ಹಾಗಾದರೆ ಬೆಂಗಳೂರಿಗೆ ಹೋಗುವುದೇ ಮೇಲೇ? ಮೊದಲ ವರ್ಷದ ಮಟ್ಟಿಗೆ ಅಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಮೊತ್ತ ಬಹಳ ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಸುತ್ತ ನಿಂತಿದೆ. ಶಂಕರಘಟ್ಟದಲ್ಲಿ 34,100ರ ಅಸೋಸಿಯೇಟ್‌ಗೆ 4,09,200. ಅಂತರ ಬೀಳುವುದು ನಾಲ್ಕನೇ ಐದನೇ ವರ್ಷ. ಕಂಪನಿಯಲ್ಲಿ ಇದ್ದವರು ಕೆಲಸ ಬದಲಿಸಿ ಮೇಲೆ ಹೋಗುತ್ತಾರೆ. ಇಲ್ಲಿ ಪ್ರಾಜೆಕ್ಟ್ ಮುಗಿದು ಇನ್ನೊಂದಕ್ಕೆ ಸೇರಿದರೆ ಮತ್ತೆ ಅಸೋಸಿಯೇಟ್-1. ಎರಡು ವರ್ಷಕ್ಕೆ ಅಸೋಸಿಯೇಟ್-2 ಆಗಲು ನಿಯಮವಿದೆ, ಆದರೆ ಆ ಹುದ್ದೆ ಮಂಜೂರಾತಿ ಪತ್ರದಲ್ಲಿ ಇರಬೇಕಲ್ಲ! ಏಣಿಯ ಚಿತ್ರ ಇದೆ, ಮೆಟ್ಟಿಲು ಒಂದೇ.

ಕಾಯಂ ಆಗುವ ಆಸೆಯ ಬಗ್ಗೆ ನೇರವಾಗಿ ಹೇಳುವುದು ಒಳ್ಳೆಯದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ನಿಯಮಬದ್ಧ ನೇಮಕಾತಿ ಇಲ್ಲದೆ ತಾತ್ಕಾಲಿಕವಾಗಿ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಬಾರಿಯ ಅವಕಾಶ ಮಾತ್ರ. ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಕಾಯಂ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕು ಎಂದು 2016ರ ಜಗ್ಜೀತ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಪ್ರಾಜೆಕ್ಟ್ ಪ್ರೋಗ್ರಾಮರ್ ಇದನ್ನು ಹಿಡಿದು ಹೋದರೆ ಎದುರಾಗುವ ಪ್ರಶ್ನೆ: ನಿಮ್ಮಂಥ ಕೆಲಸ ಮಾಡುವ ಕಾಯಂ ನೌಕರರು ಯಾರು? ಆ ಹುದ್ದೆಯೇ ಸೃಷ್ಟಿಯಾಗದ ಕಡೆ ಹೋಲಿಸಲು ಯಾರೂ ಇರುವುದಿಲ್ಲ.

ಹುದ್ದೆ ಸೃಷ್ಟಿ ರಾಜ್ಯದ ಹಣಕಾಸು ಇಲಾಖೆಯ ಕೈಯಲ್ಲಿದೆ, ಅದು ನಿಧಾನ. ವಿಶ್ವವಿದ್ಯಾಲಯವೇ ಮಾಡಬಹುದಾದದ್ದು ಬಳಕೆ ಶುಲ್ಕದ ನಿಧಿ. ಐ-ಸ್ಟೆಮ್ ಎಂಬ ಕೇಂದ್ರದ ಪೋರ್ಟಲ್ 2020ರ ಜನವರಿಯಲ್ಲಿ ಶುರುವಾದದ್ದು ಇದಕ್ಕೇ: ಉಪಕರಣವನ್ನು ಅಲ್ಲಿ ನಮೂದಿಸಿದರೆ ಹೊರಗಿನ ಸಂಶೋಧಕರು ಸಮಯ ಕಾಯ್ದಿರಿಸಿ ಶುಲ್ಕ ಕಟ್ಟುತ್ತಾರೆ. ಒಂದು ಮಾದರಿಗೆ 400 ರೂಪಾಯಿ, ದಿನಕ್ಕೆ 6 ಮಾದರಿ, ವರ್ಷಕ್ಕೆ 180 ದಿನ ಎಂದು ಹಿಡಿದರೆ 4,32,000. 27,500ರ ಒಬ್ಬ ಆಪರೇಟರಿಗೆ ವರ್ಷಕ್ಕೆ 3,30,000 ಬೇಕು. ನಡೆಯುತ್ತದೆ, ಯಂತ್ರ ನಡೆದರೆ.

ಮಲೆನಾಡಿನಲ್ಲಿ ಅದೇ ಕಷ್ಟ. ವರ್ಷಕ್ಕೆ 180 ದಿನ ಎಂದು ಹಿಡಿದದ್ದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ, ಸಿಡಿಲು, ವೋಲ್ಟೇಜ್ ಏರಿಳಿತಗಳಿಂದ ನಿಲ್ಲುವ ದಿನಗಳನ್ನು ಕಳೆದಿದೆ. ಕೋಣೆಯ ತೇವಾಂಶ ಶೇ 60 ದಾಟಿದರೆ ಆಪ್ಟಿಕಲ್ ಭಾಗಗಳಿಗೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಡೀಹ್ಯುಮಿಡಿಫೈಯರ್ ರಜೆಯ ದಿನವೂ ಓಡಬೇಕು. ಯುಪಿಎಸ್ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋಲುತ್ತದೆ, ಬದಲಿಸಲು ಹೆಡ್ ಇರುವುದಿಲ್ಲ. ಶುಲ್ಕದ ಹಣವೆಲ್ಲ ಸಂಬಳಕ್ಕೆ ಹೋದರೆ ಬ್ಯಾಟರಿಗೆ ಉಳಿಯದು, ಬ್ಯಾಟರಿಗೆ ಹೋದರೆ ಆಪರೇಟರ್ ಉಳಿಯುವುದಿಲ್ಲ. 50 ಲಕ್ಷದ ಯಂತ್ರ ಕೊಳ್ಳುವಾಗಲೇ ಐದು ವರ್ಷದ ನಿರ್ವಹಣಾ ಒಪ್ಪಂದವನ್ನು ಉಪಕರಣದ ಹೆಡ್ಡಿನೊಳಗೇ ಸೇರಿಸಿ ಖರೀದಿಸಿದರೆ ಶುಲ್ಕ ಪೂರ್ತಿ ಸಿಬ್ಬಂದಿಯ ಸಂಬಳಕ್ಕೆ ಸಿಗುತ್ತದೆ.

ಕೆಲಸಕ್ಕೆ ಸೇರುವವರು ನೇಮಕಾತಿ ಪತ್ರದ ಜತೆ ಮಂಜೂರಾತಿ ಪತ್ರದ ಪ್ರತಿಯನ್ನೂ ಕೇಳಿ ಪಡೆಯಬೇಕು. ನೇಮಕಾತಿ ಪತ್ರದಲ್ಲಿ 'ಮೂರು ವರ್ಷ ಅಥವಾ ಪ್ರಾಜೆಕ್ಟ್ ಮುಗಿಯುವವರೆಗೆ' ಎಂದಿರುತ್ತದೆ. ಪ್ರಾಜೆಕ್ಟ್ ಆರಂಭವಾಗಿ ಆರನೇ ತಿಂಗಳಿಗೆ ನೀವು ಸೇರಿದರೆ ಉಳಿದದ್ದು ಮೂವತ್ತೇ ತಿಂಗಳು. ಹಣ ಉಳಿದರೆ ಹೆಚ್ಚುವರಿ ವೆಚ್ಚವಿಲ್ಲದ ಅವಧಿ ವಿಸ್ತರಣೆ ಸಿಗಬಹುದು, ಆದರೆ ಆ ಅವಧಿಗೆ ಮ್ಯಾನ್‌ಪವರ್ ಖರ್ಚು ಮಾಡಬಹುದು ಎಂದು ಒಪ್ಪಿಗೆಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇಲ್ಲದಿದ್ದರೆ ಕೆಲಸ ಇರುತ್ತದೆ, ಸಂಬಳ ಇರುವುದಿಲ್ಲ.

ಬಿಡುವಾಗ ಪಡೆಯಬೇಕಾದದ್ದು ಅನುಭವ ಪತ್ರ. ಪಿಐ ಲೆಟರ್‌ಹೆಡ್ಡಿನಲ್ಲಿ ಕೊಟ್ಟದ್ದು ಅಸೋಸಿಯೇಟ್-2ರ ಆಯ್ಕೆ ಸಮಿತಿಯ ಮುಂದೆ ಹಲವು ಬಾರಿ ನಿಲ್ಲುವುದಿಲ್ಲ. ಕುಲಸಚಿವರ ಕಚೇರಿಯ ಸಂಖ್ಯೆ ಮತ್ತು ಮೊಹರು ಇರಬೇಕು, ಪ್ರಾಜೆಕ್ಟಿನ ಮಂಜೂರಾತಿ ಸಂಖ್ಯೆ, ಹುದ್ದೆಯ ಪೂರ್ಣ ಹೆಸರು, ದಿನಾಂಕಗಳು, ಪಡೆದ ಮೊತ್ತ ಇರಬೇಕು. ಏಜೆನ್ಸಿ ಮೂಲಕ ಬಂದವರಾದರೆ ಎರಡು ಪತ್ರ, ಒಂದು ಏಜೆನ್ಸಿಯದು, ಇನ್ನೊಂದು ಕೆಲಸ ಮಾಡಿದ ವಿಭಾಗದ್ದು. ಪ್ರಾಜೆಕ್ಟಿನ ಕೊನೆಯ ಕಂತು ಬಾಕಿಯಿದ್ದಾಗಲೇ ಕೇಳಿ, ಆಗ ಅಂತಿಮ ವರದಿಗೆ ನಿಮ್ಮ ದತ್ತಾಂಶ ಬೇಕಾಗಿರುತ್ತದೆ.